ಜ್ಯಾಮಿತಿಯ ಹೊಟ್ಟೆಯಲ್ಲಿ ಜಾಮೆಟ್ರಿ ಹುಟ್ಟಲಿಲ್ಲ

‘ಜ್ಯಾ ಎಂದರೆ ಭೂಮಿ, ಮಿತಿ ಎಂದರೆ ಅಳತೆ, ನಮ್ಮ ಜ್ಯಾಮಿತಿಯನ್ನೇ ಕದ್ದು ಬಿಳಿಯರು ಜಾಮೆಟ್ರಿ ಮಾಡಿಕೊಂಡರು.’ ಈ ವಾಟ್ಸ್ಯಾಪ್ ಪಾಂಡಿತ್ಯಕ್ಕೆ ಸಾವಿಲ್ಲ. ಮೇಷ್ಟರುಗಳೂ ಕಳಿಸುತ್ತಾರೆ, ಅದೇ ಸಂಕಟ.

ಜ್ಯಾಗೆ ಭೂಮಿಯೆಂಬ ಅರ್ಥ ಅಮರಕೋಶದಲ್ಲೇ ಇದೆ, ಸರಿ. ಆದರೆ ಕ್ರಿ.ಪೂ. 5ನೇ ಶತಮಾನದ ಹೆರೊಡೋಟಸ್, ನೈಲ್ ನದಿ ಕೊಚ್ಚಿದ ಹೊಲಗಳನ್ನು ಈಜಿಪ್ಟಿನವರು ಅಳೆದು ಕಂದಾಯ ಇಳಿಸುತ್ತಿದ್ದುದನ್ನು ಹೇಳಿ, ಗ್ರೀಕರ ‘ಗೆಯೊಮೆಟ್ರಿಯಾ’ ಅಲ್ಲಿಂದ ಬಂತೆಂದು ಬರೆದ. ಆ ಭಾಷೆಯಲ್ಲಿ ‘ಗೇ’ ಭೂಮಿ, ‘ಮೆಟ್ರಾನ್’ ಅಳತೆ. ಇತ್ತ ಆರ್ಯಭಟ, ಬ್ರಹ್ಮಗುಪ್ತ, ಭಾಸ್ಕರರಲ್ಲಿ ಈ ಶಾಸ್ತ್ರಕ್ಕೆ ಜ್ಯಾಮಿತಿಯೆಂಬ ಹೆಸರೇ ಇಲ್ಲ. ಅದು ಸದ್ದಿಗೆ ಸದ್ದು ಹೊಂದಿಸಿ ಈಚೆಗೆ ಟಂಕಿಸಿದ ಪದ. ಜಾಣ ಪದವೇ; ಮೊಮ್ಮಗನನ್ನು ಅಜ್ಜನೆಂದು ಕರೆಯಬೇಕಿಲ್ಲ, ಅಷ್ಟೆ.

ನಮ್ಮ ಹಳೆಯ ಹೆಸರು ಕ್ಷೇತ್ರಗಣಿತ. ನೃಪತುಂಗನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಮೃದಂಗದಂತಿರುವ, ವಜ್ರದಂತಿರುವ ಕ್ಷೇತ್ರಗಳನ್ನೂ ಬಿಡಲಿಲ್ಲ. ವೃತ್ತದ ಪರಿಧಿ ವ್ಯವಹಾರಕ್ಕೆ ವ್ಯಾಸದ 3 ಪಟ್ಟು, ಸೂಕ್ಷ್ಮ ಬೇಕೆಂದರೆ 10ರ ವರ್ಗಮೂಲದಷ್ಟು ಪಟ್ಟು. ರಾಜಾದಿತ್ಯನಂತೂ 12ನೇ ಶತಮಾನದಲ್ಲಿ ಕನ್ನಡದಲ್ಲೇ ಒಂದು ‘ಕ್ಷೇತ್ರಗಣಿತ’ ಬರೆದ. ಇವನನ್ನು ಫಾರ್ವರ್ಡ್ ಮಾಡುವವರನ್ನು ನಾನು ಕಂಡಿಲ್ಲ. ಶಾಲೆಯ ‘ರೇಖಾಗಣಿತ’ವೋ, ಜೈಪುರದ ಆಸ್ಥಾನದ ಜಗನ್ನಾಥ ಸಮ್ರಾಟ 18ನೇ ಶತಮಾನದಲ್ಲಿ ಯೂಕ್ಲಿಡನನ್ನು ಅರಬ್ಬಿಯಿಂದ ಸಂಸ್ಕೃತಕ್ಕೆ ತಂದು ಆ ಗ್ರಂಥಕ್ಕಿಟ್ಟ ಹೆಸರು.

ನಿಜವಾಗಿ ಇಲ್ಲಿಂದ ಹೋದದ್ದು ಬೇರೆ. ಬಿಲ್ಲಿನ ಹೆದೆಯೆಂಬ ಅರ್ಥದ ಅದೇ ಜ್ಯಾ, ‘ಜೀವಾ’ ಆಗಿ ಅರಬ್ಬಿಗೆ ದಾಟಿ ‘ಜೀಬಾ’ ಆಯಿತು. ಸ್ವರ ಬಿಟ್ಟು ಬರೆಯುವ ಲಿಪಿಯಲ್ಲಿ ಅದನ್ನು ‘ಜೈಬ್’, ಅಂದರೆ ಮಡಿಲು, ಎಂದೂ ಓದಬಹುದಿತ್ತು. 12ನೇ ಶತಮಾನದ ಲ್ಯಾಟಿನ್ ಅನುವಾದಕರು ಹಾಗೇ ತಿಳಿದು ‘ಸೈನಸ್’ ಎಂದರು. ಅದೇ ಇಂದಿನ ಸೈನ್. ಇಷ್ಟು ಸೊಗಸಾದ ನಿಜವನ್ನು ಬಿಟ್ಟು ಸುಳ್ಳಿಗೆ ಜೋತುಬೀಳುತ್ತಾರಲ್ಲ!

ಟ್ರಿಗನಾಮೆಟ್ರಿಯೂ ತ್ರಿಕೋನಮಿತಿಯ ಕೂಸಲ್ಲ. 1595ರಲ್ಲಿ ಪಿಟಿಸ್ಕಸ್ ಗ್ರೀಕ್ ಬೇರುಗಳಿಂದ ಕಟ್ಟಿದ್ದು. ಇನ್ನು ‘ಕೇಂದ್ರ’, ಜ್ಯೋತಿಷದ ಜೊತೆ ಬಂದ ಗ್ರೀಕರ ‘ಕೆಂಟ್ರಾನ್’. ತಾಲ್ಲೂಕು ಕೇಂದ್ರ ಶಿಡ್ಲಘಟ್ಟಕ್ಕೆ ಹೊರಟ ಸಾದಲಿಯವರು ದಿನಾ ಗ್ರೀಕ್ ಆಡುತ್ತಾರೆ; ಯಾರ ಮಾನವೂ ಹೋಗಿಲ್ಲ.

ಇದೇ ಸೀಮೆಯ, ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿಯನ್ನೇ ಮಾಡಿದ್ದರು. ಈಗ ‘ಯಾವ ಗ್ರಂಥ, ಯಾವ ಶ್ಲೋಕ?’ ಎಂದು ಕೇಳಿದರೂ ಸಾಕು, ಉತ್ತರವಾಗಿ ಕೈಮುಗಿದ ಚಿತ್ರವೊಂದು ಬರುತ್ತದೆ.