ಇಲ್ಲಿ ಮೇಡಂ, ಕೆನಡಾದಲ್ಲಿ ಫ್ರೆಷರ್!

ಪಿ.ಆರ್. ಬಂತು ಅಂದ ಕೂಡಲೇ ಮನೆಯಲ್ಲಿ ಪ್ಯಾಕಿಂಗ್ ಸಂಭ್ರಮ ಶುರು. ಸಾರಿನಪುಡಿ, ಚಟ್ನಿಪುಡಿ, ಹಪ್ಪಳ, ಪುಟ್ಟ ಕುಕ್ಕರ್, ಮಕ್ಕಳಿಗೆ ಸ್ವೆಟರ್... ಒಂದೊಂದು ಸೂಟ್‌ಕೇಸನ್ನೂ ಹತ್ತು ಸಲ ತೂಗಿ ನೋಡುತ್ತೇವೆ. ಆದರೆ ಒಂದು ಪ್ರಶ್ನೆ: ಹತ್ತು ವರ್ಷ ಬ್ಯಾಂಕಿನಲ್ಲೋ ಶಾಲೆಯಲ್ಲೋ ಆಫೀಸಿನಲ್ಲೋ ದುಡಿದಿದ್ದೀರಲ್ಲ, ಆ ಅನುಭವವನ್ನು ಯಾವ ಸೂಟ್‌ಕೇಸಿನಲ್ಲಿ ಇಟ್ಟಿದ್ದೀರಿ?

‘ಅದೇನು ಇಡೋದು? ರೆಸ್ಯೂಮೆಯಲ್ಲಿ ಬರೆದರಾಯ್ತು’ ಎನ್ನಬೇಡಿ. ಗಂಡನ ಜೊತೆ ಕೆನಡಾಕ್ಕೆ ಹೋಗಿ, ಮಕ್ಕಳನ್ನು ಶಾಲೆಗೆ ಸೇರಿಸಿ, ಮನೆ ಹೊಂದಿಸಿಕೊಂಡು, ‘ಇನ್ನು ನಾನೂ ಕೆಲಸಕ್ಕೆ ಸೇರೋಣ’ ಎಂದು ಹೊರಟ ಹೆಂಗಸರಿಗೆ ಎದುರಾಗುವ ಮೊದಲ ಮಾತು ಒಂದೇ: ‘ಕೆನಡಿಯನ್ ಎಕ್ಸ್‌ಪೀರಿಯೆನ್ಸ್ ಇದೆಯಾ?’ ಇಲ್ಲಿ ಹತ್ತು ಜನರ ಕೈಲಿ ಮೇಡಂ ಎನಿಸಿಕೊಂಡವರು ಅಲ್ಲಿ ದಿಢೀರನೆ ಫ್ರೆಷರ್!

ಪಾಯಿಂಟಿನಲ್ಲೇ ಸೊನ್ನೆ

ಕೆನಡಾಕ್ಕೆ ಹೋಗುವ ಬಹುತೇಕ ವಿದ್ಯಾವಂತ ಕುಟುಂಬಗಳು ಎಕ್ಸ್‌ಪ್ರೆಸ್ ಎಂಟ್ರಿ ಮೂಲಕ ಅರ್ಜಿ ಹಾಕುತ್ತವೆ. 2015ರ ಜನವರಿಯಲ್ಲಿ ಬಂದ ಈ ಪದ್ಧತಿಯಲ್ಲಿ ವಯಸ್ಸು, ಓದು, ಭಾಷೆ, ಕೆಲಸ ಎಲ್ಲಕ್ಕೂ ಪಾಯಿಂಟ್ ಉಂಟು. ಗಂಡ ಮುಖ್ಯ ಅರ್ಜಿದಾರನಾದರೆ ಹೆಂಡತಿಯ ಹೆಸರಿನಲ್ಲಿ ಸಿಗುವುದು ಹೆಚ್ಚೆಂದರೆ 40 ಪಾಯಿಂಟ್. ಭಾಷೆಗೆ 20, ಓದಿಗೆ 10, ಕೆನಡಾದಲ್ಲಿ ಮಾಡಿದ ಕೆಲಸಕ್ಕೆ 10. ಅವಳು ಭಾರತದಲ್ಲಿ ಮಾಡಿದ ಕೆಲಸಕ್ಕೆ? ಸೊನ್ನೆ!

ಹಾಗಾಗಿ ‘ಇವರ ಹೆಸರಲ್ಲೇ ಹಾಕೋಣ’ ಎಂದು ಮೊದಲೇ ತೀರ್ಮಾನಿಸಿಬಿಡಬೇಡಿ. ಅರ್ಜಿಯನ್ನು ಎರಡೂ ರೀತಿ ಲೆಕ್ಕ ಹಾಕಿ ನೋಡಿ. ಹೆಂಡತಿಗೆ ವಯಸ್ಸು ಕಡಿಮೆ, ಇಂಗ್ಲಿಷ್ ಚೆನ್ನಾಗಿದೆ ಎಂದಾದರೆ ಅವಳೇ ಮುಖ್ಯ ಅರ್ಜಿದಾರಳಾದಾಗ ಅಂಕ ಹೆಚ್ಚು ಬರಬಹುದು. ಹಾಗಾಗದಿದ್ದರೂ ಭಾಷಾ ಪರೀಕ್ಷೆಯನ್ನು ‘ನನಗ್ಯಾಕೆ’ ಎಂದು ಬಿಡಬೇಡಿ. ಆ 20 ಅಂಕ ನಿಮ್ಮ ಕೈಯಲ್ಲೇ ಇದೆ.

ಗಂಡ ವರ್ಕ್ ಪರ್ಮಿಟ್ ಅಥವಾ ಓದಿನ ಮೇಲೆ ಹೋಗುತ್ತಿದ್ದರೆ ಇನ್ನೂ ಎಚ್ಚರ. 2025ರ ಜನವರಿ 21ರಿಂದ ಸಂಗಾತಿಗೆ ಸಿಗುವ ಓಪನ್ ವರ್ಕ್ ಪರ್ಮಿಟ್ ನಿಯಮ ಬಿಗಿಯಾಗಿದೆ. ಎಲ್ಲ ಕೋರ್ಸಿನ, ಎಲ್ಲ ಕೆಲಸದವರ ಸಂಗಾತಿಗೂ ಈಗ ಅದು ಸಿಗುವುದಿಲ್ಲ. ಟಿಕೆಟ್ ಬುಕ್ ಮಾಡುವ ಮೊದಲೇ ನಿಮ್ಮ ಪರ್ಮಿಟ್ ವಿಷಯ ಖಚಿತ ಮಾಡಿಕೊಳ್ಳಿ.

ಆರು ಸಾವಿರ ರೆಸ್ಯೂಮೆಗಳ ಕಥೆ

ಇದೆಲ್ಲ ಬರೀ ನಮ್ಮವರ ಗೊಣಗಾಟವೇ? ಅಲ್ಲ. ಅರ್ಥಶಾಸ್ತ್ರಜ್ಞ ಫಿಲಿಪ್ ಓರಿಯೊಪೌಲೊಸ್ 2008ರಲ್ಲಿ ಟೊರಾಂಟೊ ಸುತ್ತಮುತ್ತ ಒಂದು ಪರೀಕ್ಷೆ ಮಾಡಿದರು. ಕಾಲ್ಪನಿಕ ಅಭ್ಯರ್ಥಿಗಳ ಸುಮಾರು 6,000 ರೆಸ್ಯೂಮೆ ತಯಾರಿಸಿ ನಿಜವಾದ ಜಾಹೀರಾತುಗಳಿಗೆ ಕಳಿಸಿದರು. ಇಂಗ್ಲಿಷ್ ಹೆಸರು, ಕೆನಡಾದ ಓದು, ಕೆನಡಾದ ಅನುಭವ ಇದ್ದ ರೆಸ್ಯೂಮೆಗಳಲ್ಲಿ ನೂರಕ್ಕೆ 16ಕ್ಕೆ ಇಂಟರ್‌ವ್ಯೂ ಕರೆ ಬಂತು. ಭಾರತ, ಚೀನಾ, ಪಾಕಿಸ್ತಾನದ ಹೆಸರು, ಅಲ್ಲಿನದೇ ಓದು ಮತ್ತು ಅನುಭವ ಇದ್ದವಕ್ಕೆ ಬಂದದ್ದು ನೂರಕ್ಕೆ 5 ಮಾತ್ರ! ಅನುಭವವನ್ನು ಮಾತ್ರ ಕೆನಡಾದ್ದು ಎಂದು ಬದಲಿಸಿದಾಗ ಅದು 11ಕ್ಕೆ ಏರಿತು. ಬ್ರಿಟನ್ನಿನಿಂದ ಬಂದವರ ರೆಸ್ಯೂಮೆಗೆ ಮಾತ್ರ ಇಂಥ ಕಷ್ಟ ಆಗಲಿಲ್ಲ.

ಇನ್ನೂ ಬೇಸರದ ಸಂಗತಿ ಕೇಳಿ. ಓದು, ಅನುಭವ ಎಲ್ಲವೂ ಕೆನಡಾದ್ದೇ ಆಗಿ ಹೆಸರು ಮಾತ್ರ ನಮ್ಮ ಕಡೆಯದಾದರೂ ಕರೆ ಬಂದದ್ದು ನೂರಕ್ಕೆ 11. ಅಂದರೆ ತಪ್ಪು ನಿಮ್ಮಲ್ಲೇ ಇದೆ ಎಂದು ಕೊರಗುವುದು ಬೇಡ. ಆದರೆ ಇದೇ ಅಧ್ಯಯನದಲ್ಲಿ ಒಂದು ಉಪಯೋಗದ ಪಾಠವೂ ಇದೆ. ನಾಲ್ಕರಿಂದ ಆರು ವರ್ಷ ಕೆನಡಾದ ಅನುಭವ ಇದ್ದವರ ಡಿಗ್ರಿ ಯಾವ ದೇಶದ್ದು ಎಂಬುದರಿಂದ ಕರೆಗಳ ಸಂಖ್ಯೆ ಬದಲಾಗಲಿಲ್ಲ. ಹೋದ ಕೂಡಲೇ ಸಾಲ ಮಾಡಿ ಇನ್ನೊಂದು ಡಿಗ್ರಿಗೆ ಸೇರುವ ಮುನ್ನ ಇದನ್ನು ನೆನಪಿಡಿ. ಲೈಸೆನ್ಸಿಗೆ ಓದು ಬೇಕೇ ಬೇಕಾದ ವೃತ್ತಿಯಾದರೆ ಮಾತು ಬೇರೆ.

ಅವರಿಗೇಕೆ ಅನುಮಾನ?

ಕೆಲಸ ಕೊಡುವವನ ಜಾಗದಲ್ಲಿ ನಿಂತು ಸ್ವಲ್ಪ ಯೋಚಿಸಿ. ನಮ್ಮೂರಿನ ಸಹಕಾರಿ ಬ್ಯಾಂಕಿನ ಹೆಸರು ಅವನು ಕೇಳಿಲ್ಲ. ಅಲ್ಲಿಗೆ ಫೋನ್ ಮಾಡಿ ವಿಚಾರಿಸೋಣ ಎಂದರೆ ಅವನ ಬೆಳಗ್ಗೆ ಅಂದರೆ ನಮ್ಮ ಸಂಜೆ, ಬ್ಯಾಂಕ್ ಬಾಗಿಲು ಹಾಕಿರುತ್ತದೆ. ‘ಸೀನಿಯರ್ ಅಸಿಸ್ಟೆಂಟ್’ ಎಂದರೆ ಏನು ಕೆಲಸ ಎಂದು ಅವನಿಗೆ ಅರ್ಥವಾಗುವುದಿಲ್ಲ. ಗಿರಾಕಿಗಳ ಜೊತೆ ಈಕೆ ಹೇಗೆ ಮಾತಾಡುತ್ತಾಳೋ, ಇಲ್ಲಿನ ನಿಯಮ ಗೊತ್ತೋ ಇಲ್ಲವೋ ಎಂಬ ಅಳುಕು ಬೇರೆ. ಇಷ್ಟೆಲ್ಲ ತಲೆನೋವು ಯಾಕೆಂದು ಪಕ್ಕದ ರೆಸ್ಯೂಮೆ ಎತ್ತಿಕೊಳ್ಳುತ್ತಾನೆ.

ಇದು ನ್ಯಾಯವೇ? ಅಲ್ಲ ಎಂದು ಕಾನೂನೇ ಹೇಳತೊಡಗಿದೆ. ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದ ಮಾನವ ಹಕ್ಕುಗಳ ಆಯೋಗ, ಕೆನಡಾದ ಅನುಭವ ಬೇಕೇ ಬೇಕು ಎಂದು ಪಟ್ಟು ಹಿಡಿಯುವುದು ಮೇಲ್ನೋಟಕ್ಕೇ ತಾರತಮ್ಯ ಎಂದು 2013ರಲ್ಲೇ ಹೇಳಿತು. ಅಲ್ಲಿನ ಎಂಜಿನಿಯರುಗಳ ಲೈಸೆನ್ಸ್ ಸಂಸ್ಥೆ 2023ರ ಮೇ ತಿಂಗಳಲ್ಲಿ ಈ ಷರತ್ತು ಕೈಬಿಟ್ಟಿತು. 2026ರ ಜನವರಿ 1ರಿಂದ 25 ಅಥವಾ ಹೆಚ್ಚು ನೌಕರರಿರುವ ಕಂಪನಿಗಳು ಒಂಟಾರಿಯೊದಲ್ಲಿ ಕೆಲಸದ ಜಾಹೀರಾತಿನಲ್ಲಿ ‘ಕೆನಡಾದ ಅನುಭವ ಬೇಕು’ ಎಂದು ಹಾಕುವಂತಿಲ್ಲ.

ಜಾಹೀರಾತಿನಿಂದ ಮಾತು ಹೋಯಿತು, ಸರಿ. ಮನಸ್ಸಿನಿಂದ ಹೋಗಲು ಸಮಯ ಬೇಕು. ಅಲ್ಲಿಯವರೆಗೆ ನಮ್ಮ ಜಾಣತನ ನಮಗೆ.

ಎರಡು ಕೌಂಟರ್, ಎರಡು ಚೀಟಿ

ನಮ್ಮವರಲ್ಲಿ ಬಹಳ ಜನ ಇಲ್ಲೇ ಎಡವುತ್ತಾರೆ. ವಲಸೆ ಅರ್ಜಿಗೆ ಡಿಗ್ರಿಯ ಮೌಲ್ಯಮಾಪನ ಮಾಡಿಸಿದ್ದೇವೆ, ಇನ್ನೇನು ಎಂದುಕೊಳ್ಳುತ್ತಾರೆ. ಆ ವರದಿ ಹೇಳುವುದು ನಿಮ್ಮ ಓದು ಅಲ್ಲಿನ ಯಾವ ಓದಿಗೆ ಸಮ ಎಂಬುದನ್ನು ಮಾತ್ರ. ಕೆಲಸದ ಅನುಭವವನ್ನು ಅದು ಅಳೆಯುವುದಿಲ್ಲ. ಲೈಸೆನ್ಸನ್ನೂ ಕೊಡುವುದಿಲ್ಲ.

ಟೀಚರ್, ನರ್ಸ್, ಡಾಕ್ಟರ್, ಎಂಜಿನಿಯರ್, ಆರ್ಕಿಟೆಕ್ಟ್ ಇವೆಲ್ಲ ಲೈಸೆನ್ಸ್ ಬೇಕಾದ ವೃತ್ತಿಗಳು. ಲೈಸೆನ್ಸ್ ಕೊಡುವುದು ಆಯಾ ಪ್ರಾಂತ್ಯದ ಸಂಸ್ಥೆ. ಒಂಟಾರಿಯೊದ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಬೇಕಾದರೆ ಒಂಟಾರಿಯೊ ಕಾಲೇಜ್ ಆಫ್ ಟೀಚರ್ಸ್ ಒಪ್ಪಬೇಕು. ನಮ್ಮ ಬಿ.ಇಡಿ. ಅಂಕಪಟ್ಟಿ ಸಾಮಾನ್ಯವಾಗಿ ವಿಶ್ವವಿದ್ಯಾಲಯದಿಂದಲೇ ನೇರವಾಗಿ ಹೋಗಬೇಕು. ಅಲ್ಲಿ ಕೂತು ಇಲ್ಲಿನ ಯೂನಿವರ್ಸಿಟಿ ಕಚೇರಿಗೆ ಅಲೆಯಲು ಆಗುತ್ತದೆಯೇ? ಹೊರಡುವ ಮೊದಲೇ ಆ ಕೆಲಸ ಶುರು ಮಾಡಿ.

ಅಕೌಂಟ್ಸ್ ಗುಮಾಸ್ತೆ, ಸಾಫ್ಟ್‌ವೇರ್ ಟೆಸ್ಟರ್, ಸೇಲ್ಸ್, ಆಫೀಸ್ ಆಡಳಿತ ಮುಂತಾದವಕ್ಕೆ ಲೈಸೆನ್ಸಿನ ಹಂಗಿಲ್ಲ. ಇಲ್ಲಿ ರೆಸ್ಯೂಮೆಯೇ ನಿಮ್ಮ ಚೀಟಿ.

ಹೊರಡುವ ಮುನ್ನ

* ಕೆಲಸ ಬಿಡುವಾಗ ಎರಡು ಸಾಲಿನ ರಿಲೀವಿಂಗ್ ಲೆಟರ್ ಹಿಡಿದು ಬಂದುಬಿಡಬೇಡಿ. ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಹುದ್ದೆ, ಸೇರಿದ ಮತ್ತು ಬಿಟ್ಟ ದಿನಾಂಕ, ವಾರಕ್ಕೆ ಎಷ್ಟು ಗಂಟೆ, ಸಂಬಳ, ಏನೇನು ಕೆಲಸ ಎಲ್ಲ ಬರೆಸಿಕೊಳ್ಳಿ. ಐದು ವರ್ಷದ ಹಿಂದೆ ಬಿಟ್ಟ ಕೆಲಸವಾದರೂ ಸರಿ, ಒಮ್ಮೆ ಹೋಗಿ ಕೇಳಿ.

* ನಿಮ್ಮ ಬಗ್ಗೆ ಎರಡು ಒಳ್ಳೆಯ ಮಾತು ಹೇಳಬಲ್ಲ ಹಳೆಯ ಮೇಲಧಿಕಾರಿಗಳ ಮೊಬೈಲ್, ಇ-ಮೇಲ್ ತೆಗೆದಿಡಿ. ‘ಅಲ್ಲಿಂದ ಕರೆ ಬರಬಹುದು ಸಾರ್’ ಎಂದು ಮೊದಲೇ ಹೇಳಿಟ್ಟಿರಿ.

* ನಿಮ್ಮ ಕೆಲಸಕ್ಕೆ ಕೆನಡಾದಲ್ಲಿ ಏನೆಂದು ಕರೆಯುತ್ತಾರೆ ನೋಡಿ. ಅಲ್ಲಿನ ಸರ್ಕಾರದ ಎನ್‌ಒಸಿ ಪಟ್ಟಿಯಲ್ಲಿ ಪ್ರತಿ ವೃತ್ತಿಯ ಹೆಸರು, ಕರ್ತವ್ಯ ಇದೆ.

* ಪಿ.ಆರ್. ಒಪ್ಪಿಗೆ ಸಿಕ್ಕವರಿಗೆ ಕೆನಡಾ ಸರ್ಕಾರದ ಹಣದಿಂದ ನಡೆಯುವ ಉಚಿತ ಪೂರ್ವಸಿದ್ಧತಾ ತರಬೇತಿಗಳಿವೆ. ಇಲ್ಲಿರುವಾಗಲೇ, ಮನೆಯಲ್ಲೇ ಕೂತು ಅದರ ಪ್ರಯೋಜನ ಪಡೆಯಿರಿ.

ಬಯೋಡೇಟಾ ಬೇಡ, ರೆಸ್ಯೂಮೆ ಬೇಕು

ನಮ್ಮ ಬಯೋಡೇಟಾದಲ್ಲಿ ಫೋಟೊ, ಹುಟ್ಟಿದ ತಾರೀಕು, ತಂದೆ ಅಥವಾ ಗಂಡನ ಹೆಸರು, ಧರ್ಮ, ಮದುವೆ ಆಗಿದೆಯೋ ಇಲ್ಲವೋ ಎಲ್ಲ ಇರುತ್ತದೆ. ಕೆನಡಾದ ರೆಸ್ಯೂಮೆಯಲ್ಲಿ ಇವು ಯಾವುದೂ ಇರಕೂಡದು. ಒಂದು ಅಥವಾ ಎರಡು ಪುಟ ಸಾಕು. ಕೊನೆಯಲ್ಲಿ ‘ಮೇಲಿನದೆಲ್ಲ ಸತ್ಯ’ ಎಂದು ಸಹಿ ಹಾಕುವುದೂ ಬೇಡ.

ಸಂಸ್ಥೆಯ ಹೆಸರಿನ ಪಕ್ಕ ಒಂದೇ ಸಾಲಿನಲ್ಲಿ ಅದರ ಪರಿಚಯ ಕೊಡಿ: ಎಷ್ಟು ಶಾಖೆ, ಎಷ್ಟು ನೌಕರರು, ಏನು ವ್ಯವಹಾರ. ಲಕ್ಷ, ಕೋಟಿ ಅವರಿಗೆ ತಿಳಿಯದು, ಮಿಲಿಯನ್ ಲೆಕ್ಕದಲ್ಲಿ ಬರೆಯಿರಿ. ‘ಕ್ಯಾಷ್ ವಿಭಾಗದ ಜವಾಬ್ದಾರಿ’ ಎಂದರೆ ಏನೂ ಹೇಳಿದಂತಾಗಲಿಲ್ಲ. ‘ದಿನಕ್ಕೆ 150 ಗ್ರಾಹಕರ ಕೆಲಸ ನೋಡುತ್ತಿದ್ದೆ, ಮೂವರು ಹೊಸಬರಿಗೆ ಕಲಿಸಿದೆ’ ಎಂಬಂತೆ ನಿಮ್ಮ ನಿಜವಾದ ಲೆಕ್ಕ ಕೊಡಿ. ನಾವು ಸಲೀಸಾಗಿ ಬರೆಯುವ ‘ಪಾಸ್ಡ್ ಔಟ್ ಇನ್ 2010’ ಅವರ ಕಿವಿಗೆ ‘ಮೂರ್ಛೆ ಹೋದೆ’ ಎಂದು ಕೇಳಿಸುತ್ತದೆ! ‘ಗ್ರಾಜುಯೇಟೆಡ್’ ಎನ್ನಿ. ಪ್ರತಿ ಕೆಲಸಕ್ಕೂ ಅದೇ ರೆಸ್ಯೂಮೆ ಕಳಿಸದೆ, ಜಾಹೀರಾತು ಓದಿ ಅದಕ್ಕೆ ತಕ್ಕಂತೆ ತಿದ್ದಿ.

ಮಕ್ಕಳಿಗಾಗಿ ಕೆಲಸ ಬಿಟ್ಟ ವರ್ಷಗಳನ್ನು ಮುಚ್ಚಿಡಬೇಡಿ. ‘ಕುಟುಂಬದ ಜವಾಬ್ದಾರಿಗಾಗಿ ಬಿಡುವು’ ಎಂದು ಒಂದು ಸಾಲು ಬರೆದರೆ ಸಾಕು. ಸುಳ್ಳು ಅನುಭವ ಸೇರಿಸುವ ಯೋಚನೆಯಂತೂ ಬೇಡವೇ ಬೇಡ. ವಲಸೆ ಅರ್ಜಿಯಲ್ಲಿ ಸುಳ್ಳು ಸಿಕ್ಕಿಬಿದ್ದರೆ ಐದು ವರ್ಷ ಕೆನಡಾದ ಬಾಗಿಲು ಬಂದ್.

ಹೋದ ಮೇಲೆ

ನ್ಯೂಕಮರ್ ಎನಿಸಿಕೊಂಡ ಪಿ.ಆರ್. ಪಡೆದವರಿಗೆ ಉಚಿತವಾಗಿ ನೆರವಾಗುವ ಸಂಸ್ಥೆಗಳು ಪ್ರತಿ ದೊಡ್ಡ ಊರಿನಲ್ಲೂ ಇವೆ. ಟೊರಾಂಟೊ ಕಡೆ ಆಕ್ಸೆಸ್ ಎಂಪ್ಲಾಯ್‌ಮೆಂಟ್, ಕಾಸ್ಟಿ ಮುಂತಾದವು ರೆಸ್ಯೂಮೆ ತಿದ್ದಿಕೊಡುತ್ತವೆ, ಇಂಟರ್‌ವ್ಯೂ ಅಭ್ಯಾಸ ಮಾಡಿಸುತ್ತವೆ. ನಮ್ಮ ಹೆಂಗಸರು ಸಂಕೋಚದಿಂದ ಹೋಗುವುದೇ ಇಲ್ಲ. ಅದೇನು ದಾನವಲ್ಲ, ನಿಮ್ಮ ಹಕ್ಕು.

ಲೈಬ್ರರಿ, ಮಕ್ಕಳ ಶಾಲೆ, ಫುಡ್ ಬ್ಯಾಂಕ್‌ಗಳಲ್ಲಿ ವಾರಕ್ಕೆ ಕೆಲವು ಗಂಟೆ ಸ್ವಯಂಸೇವೆ ಮಾಡಿದರೂ ಅಲ್ಲಿನ ಒಬ್ಬರ ರೆಫರೆನ್ಸ್ ಸಿಗುತ್ತದೆ. ಆದರೆ ವರ್ಷಗಟ್ಟಲೆ ಬಿಟ್ಟಿ ದುಡಿಯಬೇಡಿ. ‘ಕೆಲಸ ಗ್ಯಾರಂಟಿ, ಇಷ್ಟು ಡಾಲರ್ ಕೊಡಿ’ ಎನ್ನುವವರಿಂದ ದೂರವಿರಿ. ವಿದೇಶಿಯರಿಂದ ಕೆಲಸ ಕೊಡಿಸಲು ಹಣ ಕೀಳುವುದು ಒಂಟಾರಿಯೊದಲ್ಲಿ ಕಾನೂನಿಗೇ ವಿರುದ್ಧ.

ಇನ್ನು ಅಂಗಡಿ, ಗೋಡೌನ್ ಕೆಲಸದ ಮಾತು. ‘ಎಂ.ಕಾಂ. ಮಾಡಿ ಬಿಲ್ಲಿಂಗ್ ಕೌಂಟರಿನಲ್ಲಿ ನಿಲ್ಲೋದಾ?’ ಎಂದು ಊರಿನಿಂದ ಫೋನಿನಲ್ಲಿ ಕೇಳುವವರು ಇದ್ದೇ ಇರುತ್ತಾರೆ. ಅವರು ನಿಮ್ಮ ಮನೆ ಬಾಡಿಗೆ ಕಟ್ಟುವುದಿಲ್ಲ! ದುಡಿಮೆಯಲ್ಲಿ ಅವಮಾನವಿಲ್ಲ. ಅಪಾಯ ಇರುವುದು ಬೇರೆ ಕಡೆ. ಎಂಟು ಗಂಟೆ ನಿಂತು, ಬಸ್ಸಿನಲ್ಲಿ ಬಂದು, ಅಡುಗೆ ಮಾಡಿ ಮಲಗುವಷ್ಟರಲ್ಲಿ ನಿಮ್ಮ ವೃತ್ತಿ ಮರೆತೇ ಹೋಗಿರುತ್ತದೆ. ಹಾಗೇ ಮೂರು ವರ್ಷ, ಐದು ವರ್ಷ ಕಳೆದವರೂ ಇದ್ದಾರೆ. ಆದ್ದರಿಂದ ಸೇರುವ ದಿನವೇ ಒಂದು ಗಡುವು ಹಾಕಿಕೊಳ್ಳಿ. ಒಂದು ವರ್ಷ ಎಂದರೆ ಒಂದೇ ವರ್ಷ. ವಾರದಲ್ಲಿ ಎರಡು ಸಂಜೆ ನಿಮ್ಮ ವೃತ್ತಿಗೆ ಎಂದು ಮನೆಯವರಿಗೆಲ್ಲ ಹೇಳಿಬಿಡಿ. ಆ ಎರಡು ದಿನ ಅಡುಗೆ ಯಜಮಾನರದು!

ಮನೆಯಲ್ಲಿ ಇನ್ನೊಂದು ಮಾತುಕತೆಯೂ ಆಗಬೇಕು. ಸಾಮಾನ್ಯವಾಗಿ ಮೊದಲು ಗಂಡನ ಲೈಸೆನ್ಸ್, ಗಂಡನ ಕೋರ್ಸು. ಹೆಂಡತಿಯದು ‘ಆಮೇಲೆ ನೋಡೋಣ’. ಆ ಆಮೇಲೆ ಬರುವಷ್ಟರಲ್ಲಿ ಅವಳ ಅನುಭವ ಹಳತಾಗಿರುತ್ತದೆ. ಯಾರದು ಮೊದಲು, ಯಾರದು ನಂತರ, ಎಷ್ಟು ತಿಂಗಳು ಎಂಬುದನ್ನು ವಿಮಾನ ಹತ್ತುವ ಮೊದಲೇ ಕೂತು ಮಾತಾಡಿಕೊಳ್ಳಿ. ಅತ್ತೆ ಮಾವನವರೂ ಕೇಳಿಸಿಕೊಳ್ಳಲಿ.

ನೀವು ಕಲಿತದ್ದು, ದುಡಿದದ್ದು ಗಡಿ ದಾಟಿದ ಮಾತ್ರಕ್ಕೆ ಆವಿಯಾಗುವುದಿಲ್ಲ. ಅವರಿಗೆ ಓದಲು ಬರುವ ಭಾಷೆಯಲ್ಲಿ ಅದನ್ನು ಬರೆದು ತೋರಿಸಬೇಕು, ಅಷ್ಟೇ. ಬೆಲೆ ಕಟ್ಟಲು ಅವರು ತಡಮಾಡಬಹುದು. ನೀವು ಮಾತ್ರ ನಿಮ್ಮ ಬೆಲೆಯನ್ನು ಕಡಿಮೆ ಮಾಡಿಕೊಳ್ಳಬೇಡಿ. ಏನಂತೀರಿ?