ಬೆನ್ನುನೋವೂ ಸನ್ನೆಕೋಲೂ

ಬೆಳಗಾವಿಗೆ ಸಮೀಪದ ಖಾನಾಪುರವು ಕುಂಬಾರಿಕೆಗೆ ಹೆಸರಾದ ಊರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇರುವುದೂ ಅಲ್ಲಿಯೇ. ಮಣ್ಣನ್ನು ಅಗೆಯುವುದು, ಹೊರುವುದು, ತಿಗುರಿಯ ಮುಂದೆ ಬಾಗಿ ಕುಳಿತಿರುವುದು—ಇವೆಲ್ಲವೂ ಟೊಂಕಕ್ಕೆ ಶ್ರಮ ಕೊಡುವ ಕೆಲಸಗಳು. ಬೆಳಗಾವಿಯ ಕಚೇರಿಯಲ್ಲಿ ದಿನವೆಲ್ಲ ಕುರ್ಚಿಯ ಮೇಲಿರುವವನಿಗೂ ಟೊಂಕದ ನೋವು ತಪ್ಪಿದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಜಗತ್ತಿನ ಸುಮಾರು 61 ಕೋಟಿ 90 ಲಕ್ಷ ಜನರಿಗೆ ಈ ನೋವು ಇದ್ದಿತು. ಗುಳಿಗೆಗಳನ್ನು ಬಹುಕಾಲ ನುಂಗುತ್ತ ಹೋದರೆ ಜಠರಕ್ಕೂ ಮೂತ್ರಪಿಂಡಕ್ಕೂ ಹಾನಿಯಾಗುವ ಸಂಭವವುಂಟು. ಹಾಗಾದರೆ ಔಷಧವಿಲ್ಲದೆ ಈ ನೋವನ್ನು ಶಮನಗೊಳಿಸಲು ಬರುವುದೆ?

ಮೊದಲು ಟೊಂಕದ ಮೇಲೆ ಬೀಳುವ ಭಾರವನ್ನು ಲೆಕ್ಕ ಹಾಕೋಣ. ಬೆನ್ನೆಲುಬು ಒಂದರ ಮೇಲೊಂದು ಜೋಡಿಸಿದ ಮಣಿಗಳ ಕಂಬ. ಮಣಿಗಳ ನಡುವೆ ಮೆತ್ತನೆಯ ಬಿಲ್ಲೆಗಳಿವೆ. ನಾವು ಬಾಗಿ ಭಾರವೆತ್ತುವಾಗ ಇದು ಸನ್ನೆಕೋಲಿನಂತೆ ವರ್ತಿಸುತ್ತದೆ; ಟೊಂಕದ ಬಿಲ್ಲೆಯೇ ಆಧಾರಬಿಂದು. 20 ಕಿಲೋಗ್ರಾಂ ಮಣ್ಣಿನ ಬುಟ್ಟಿಯು ಆ ಬಿಂದುವಿನಿಂದ 40 ಸೆಂಟಿಮೀಟರ್ ಮುಂದಿರಲಿ. ಅದನ್ನು ಸರಿದೂಗಿಸಬೇಕಾದ ಬೆನ್ನಿನ ಸ್ನಾಯುಗಳಾದರೋ ಕೇವಲ 5 ಸೆಂಟಿಮೀಟರ್ ಹಿಂದಿವೆ. 20ನ್ನು 40ರಿಂದ ಗುಣಿಸಿ 5ರಿಂದ ಭಾಗಿಸಿದರೆ 160 ಬರುತ್ತದೆ. ಎಂದರೆ ಬುಟ್ಟಿಯೊಂದಕ್ಕಾಗಿಯೇ ಸ್ನಾಯುಗಳು 160 ಕಿಲೋಗ್ರಾಂ ತೂಕದಷ್ಟು ಬಲದಿಂದ ಎಳೆಯಬೇಕು. ಬಾಗಿದ ಮೈಯ ಭಾರ ಇದಕ್ಕೆ ಇನ್ನೂ ಕೂಡಬೇಕು! ಇಷ್ಟಾದರೂ ಬಹುಪಾಲು ಸೊಂಟನೋವುಗಳಲ್ಲಿ ಇಂಥ ಮೂಳೆಯೇ ಅಥವಾ ಇಂಥ ನರವೇ ಕಾರಣವೆಂದು ಬೊಟ್ಟುಮಾಡಿ ತೋರಿಸಲು ಸಾಧ್ಯವಾಗುವುದಿಲ್ಲ.

ಔಷಧವಿಲ್ಲದ ಚಿಕಿತ್ಸೆಗಳಲ್ಲಿ ‘ಕೈರೊಪ್ರಾಕ್ಟಿಕ್’ ಎಂಬುದೊಂದು. ಈ ಹೆಸರು ಗ್ರೀಕ್ ಭಾಷೆಯಿಂದ ಬಂದುದು. ಅದರ ಮೊದಲ ಭಾಗಕ್ಕೂ ‘ಕೈ’ ಎಂದೇ ಅರ್ಥವಿರುವುದು ಕೇವಲ ಆಕಸ್ಮಿಕ. 1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್ ನಗರದಲ್ಲಿ ಡೇನಿಯಲ್ ಡೇವಿಡ್ ಪಾಮರ್ ಎಂಬವನು ಇದನ್ನು ಆರಂಭಿಸಿದನು. ಜಾರಿದ ಮಣಿಗಳು ನರಗಳನ್ನು ಒತ್ತುವುದರಿಂದಲೇ ಬಹುತೇಕ ರೋಗಗಳು ಹುಟ್ಟುತ್ತವೆಂಬುದು ಅವನ ವಾದ. ಈ ವಾದಕ್ಕೆ ವಿಜ್ಞಾನದ ಪುಷ್ಟಿ ದೊರೆಯಲಿಲ್ಲ.

ಹಾಗಾದರೆ ಚಿಕಿತ್ಸಕನು ಬೆನ್ನನ್ನು ಒತ್ತಿದಾಗ ಕೇಳಿಬರುವ ‘ಲಟಕ್’ ಶಬ್ದವು ಯಾವುದು? ನಾವು ಬೆರಳಿನ ಲಟಿಕೆ ಮುರಿದಾಗ ಬರುವ ಶಬ್ದವೂ ಇದೇ ಜಾತಿಯದು. ಕೀಲಿನೊಳಗೆ ಜಾರುವಿಕೆಗೆ ನೆರವಾಗುವ ದ್ರವವಿದೆ. ಮೂಳೆಗಳ ತುದಿಗಳನ್ನು ತಟ್ಟನೆ ದೂರ ಸರಿಸಿದರೆ ದ್ರವದ ಒತ್ತಡವು ಇಳಿದು, ಅದರಲ್ಲಿ ಅನಿಲದ ಗುಳ್ಳೆಯೇಳುತ್ತದೆ. ಗುಳ್ಳೆ ಕುಸಿಯುವಾಗ ಶಬ್ದವಾಗುವುದೆಂದು 1971ರಲ್ಲಿ ಇಂಗ್ಲೆಂಡಿನ ಸಂಶೋಧಕರು ಹೇಳಿದರು. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಬೆರಳಿನ ಕೀಲನ್ನು ಎಂ.ಆರ್.ಐ. ಯಂತ್ರದಲ್ಲಿ ನೋಡಿ, ಗುಳ್ಳೆ ಹುಟ್ಟುವಾಗಲೇ ಶಬ್ದವಾಗುವುದೆಂದು ತೋರಿಸಿದರು. ಅನಿಲವು ಮರಳಿ ದ್ರವದಲ್ಲಿ ಕರಗಲು ಸುಮಾರು 20 ನಿಮಿಷಗಳು ಬೇಕು. ಅದೇ ಬೆರಳಿನ ಲಟಿಕೆಯನ್ನು ಕೂಡಲೇ ಮತ್ತೆ ಮುರಿಯಲಾಗದಿರುವುದು ಇದರಿಂದಲೇ. ಆದುದರಿಂದ ಶಬ್ದ ಕೇಳಿದ ಮಾತ್ರಕ್ಕೆ ಜಾರಿದ ಮೂಳೆ ಸ್ವಸ್ಥಾನಕ್ಕೆ ಬಂದಿತೆಂದು ಭಾವಿಸಬಾರದು.

ವಾದವು ಬಿದ್ದಿತೆಂದು ಚಿಕಿತ್ಸೆಯೂ ನಿಷ್ಫಲವೆನ್ನಬಹುದೆ? ಅದು ತರ್ಕವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ, ಬಹುಕಾಲದ ಸೊಂಟನೋವಿಗೆ ವ್ಯಾಯಾಮ, ತಿಳಿವಳಿಕೆ, ಅಂಗಮರ್ದನಗಳ ಜೊತೆಗೆ ಬೆನ್ನೆಲುಬಿನ ಹಸ್ತಚಿಕಿತ್ಸೆಗೂ ಸ್ಥಾನವುಂಟು. ಆದರೆ ಲಾಭವು ಸಾಧಾರಣವಾದುದು. ವ್ಯಾಯಾಮವೇ ಮೊದಲಾದವುಗಳನ್ನು ಮೀರಿಸುವಂಥದಲ್ಲ. ಇತರ ರೋಗಗಳನ್ನೂ ಗುಣಪಡಿಸುವೆವೆಂಬ ಮಾತಿಗೆ ಆಧಾರ ಸಾಲದು.

ಎಚ್ಚರಿಕೆಯೂ ಅವಶ್ಯ. ಕಾಲಿನ ಬಲ ಕುಂದಿದರೆ, ತೊಡೆಸಂದು ಜೋಮು ಹಿಡಿದರೆ, ಮೂತ್ರದ ಹತೋಟಿ ತಪ್ಪಿದರೆ, ಜ್ವರವಿದ್ದರೆ, ಬಿದ್ದು ಪೆಟ್ಟಾಗಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಮೂಳೆ ಸವೆದ ವೃದ್ಧರಿಗೆ ರಭಸದ ಒತ್ತು ಅಪಾಯಕರ. ಕ್ಷೌರದಂಗಡಿಯಲ್ಲಿ ಕತ್ತನ್ನು ತಟ್ಟನೆ ತಿರುವಿಸಿಕೊಳ್ಳುವುದಂತೂ ಸಲ್ಲದು. ವಿರಳವಾಗಿಯಾದರೂ ಕತ್ತಿನ ರಕ್ತನಾಳ ಸೀಳಿ ಪಾರ್ಶ್ವವಾಯು ತಗಲಿದುದುಂಟು.

ಅಂಗಸಾಧನೆಯ ಚಿಕಿತ್ಸೆಯಾದ ಫಿಜಿಯೋಥೆರಪಿಯನ್ನು ಕಲಿಸುವ ಕಾಲೇಜು ಬೆಳಗಾವಿಯಲ್ಲಿಯೇ ಇದೆ. ತಕ್ಕ ವ್ಯಾಯಾಮವನ್ನು ಅಂಥ ತಜ್ಞರಿಂದ ಕಲಿತು ದಿನವೂ ಮಾಡುವುದು ಲೇಸು. ಇನ್ನು ಸನ್ನೆಕೋಲಿನ ಪಾಠವಂತೂ ಯಾವ ಖರ್ಚೂ ಇಲ್ಲದುದು. ಅದೇ ಬುಟ್ಟಿಯನ್ನು ಮೈಗೆ ಹತ್ತಿರ ತಂದು ದೂರವನ್ನು 20 ಸೆಂಟಿಮೀಟರಿಗೆ ಇಳಿಸಿದರೆ 160 ಇದ್ದುದು 80 ಆಗುತ್ತದೆ. ಮಣ್ಣು ಅಷ್ಟೇ ಇದೆ. ಟೊಂಕಕ್ಕೆ ಮಾತ್ರ ಅದರ ಹೊರೆ ಅರ್ಧವಾಯಿತು.