ಹಂದಿಯ ದೇಹದಲ್ಲಿ ಲೋಹಾಂಶ: ಸಾಕಣೆಯ ಕ್ರಮವೂ ಉಣ್ಣುವವರ ಕ್ಷೇಮವೂ

ಕರ್ನಾಟಕದಿಂದ ಬಂದು ಮುಂಬಯಿಯಲ್ಲಿ ನೆಲೆಸಿದವರಲ್ಲಿ ಕೊಡವರಿಗೂ ಮಂಗಳೂರಿನ ಕ್ರೈಸ್ತರಿಗೂ ಹಂದಿಯ ಮಾಂಸವು ಹಬ್ಬದೂಟದ ಅಂಗವಾಗಿದೆ. ಆ ಪ್ರಾಣಿ ಎಲ್ಲಿ, ಏನನ್ನು ತಿಂದು ಬೆಳೆಯಿತೆಂಬುದು ಕೇವಲ ಶುಚಿತ್ವದ ಪ್ರಶ್ನೆಯಲ್ಲ; ಲೋಹಗಳ ಪ್ರಶ್ನೆಯೂ ಹೌದು.

ಕಬ್ಬಿಣ, ತಾಮ್ರ, ಸತು, ಮ್ಯಾಂಗನೀಸ್ ಇವು ಲೇಶಮಾತ್ರವಾದರೂ ಹಂದಿಯ ದೇಹಕ್ಕೆ ಅವಶ್ಯ. ಸೀಸ, ಕ್ಯಾಡ್ಮಿಯಂ, ಪಾದರಸಗಳಾದರೋ ಯಾವ ಉಪಕಾರವನ್ನೂ ಮಾಡದೆ ಸಂಚಿತವಾಗುತ್ತ ಹೋಗುತ್ತವೆ.

ಎಳೆಯ ಮರಿಗೆ ದಿನಕ್ಕೆ ಸುಮಾರು ೭ ಮಿಲಿಗ್ರಾಂ ಕಬ್ಬಿಣ ಬೇಕು. ತಾಯಿಹಾಲಿನಿಂದ ದೊರೆಯುವುದು ಸುಮಾರು ೧ ಮಿಲಿಗ್ರಾಂ ಮಾತ್ರ. ಬಯಲಿನಲ್ಲಿ ಮಣ್ಣು ಕೆದಕುವ ಮರಿ ಉಳಿದುದನ್ನು ನೆಲದಿಂದಲೇ ಪಡೆಯುತ್ತದೆ. ಸಿಮೆಂಟು ನೆಲದ ದೊಡ್ಡಿಯ ಮರಿಗೆ ಆ ಅವಕಾಶವಿಲ್ಲ. ರಕ್ತಹೀನತೆ ಬಾರದಂತೆ ಮೊದಲ ದಿನಗಳಲ್ಲೇ ಕಬ್ಬಿಣದ ಚುಚ್ಚುಮದ್ದು ಕೊಡಬೇಕಾಗುತ್ತದೆ. ಸತುವಿನ ಕೊರತೆಯಿಂದ ಹಂದಿಯ ಚರ್ಮ ಹಕ್ಕುಗಟ್ಟುವುದೆಂದು ೧೯೫೫ರಲ್ಲಿ ಅಮೆರಿಕದ ಟಕ್ಕರ್ ಮತ್ತು ಸ್ಯಾಮನ್ ತೋರಿಸಿದರು. ದೊಡ್ಡಿಯ ಕ್ರಮದಲ್ಲಿ ಅತಿಯ ದೋಷವೂ ಉಂಟು: ಶೀಘ್ರ ಬೆಳವಣಿಗೆಗೆಂದು ಬೆರೆಸಿದ ಹೆಚ್ಚಿನ ತಾಮ್ರ, ಸತುಗಳ ಬಹುಭಾಗ ಸಗಣಿಯ ಮೂಲಕ ಹೊಲ ಸೇರುತ್ತದೆ. ಯುರೋಪಿನ ಒಕ್ಕೂಟವು ಔಷಧರೂಪದ ಸತುವಿನ ಆಕ್ಸೈಡನ್ನು ೨೦೨೨ರಲ್ಲಿ ನಿಲ್ಲಿಸಿತು.

ಆದರೆ ಕಬ್ಬಿಣ ಕೊಟ್ಟ ಮಣ್ಣೇ ವಿಷವನ್ನೂ ಕೊಡಬಲ್ಲದು. ಕೊಡಗಿನ ಹಿತ್ತಲೂ ಮುಂಬಯಿಯ ಕಸದ ರಾಶಿಯ ಅಂಚೂ ಒಂದೇ ನೆಲವಲ್ಲ. ದೇವನಾರಿನಲ್ಲಿ ೧೯೨೭ರಿಂದ ನಗರದ ಕಸ ಸುರಿಯುತ್ತ ಬಂದಿದೆ. ಹಳೆಯ ಬ್ಯಾಟರಿ, ಬಣ್ಣ, ವಿದ್ಯುದುಪಕರಣಗಳು ಬೆರೆತ ಇಂಥ ಕಸದಿಂದ ಸೀಸ, ಕ್ಯಾಡ್ಮಿಯಂಗಳು ಮಣ್ಣಿಗಿಳಿಯುತ್ತವೆ. ಭಾರತದಲ್ಲಿ ಸೀಸಮಿಶ್ರಿತ ಪೆಟ್ರೋಲಿನ ಬಳಕೆ ೨೦೦೦ದಲ್ಲಿ ನಿಂತಿತಾದರೂ, ರಸ್ತೆಯ ಬದಿಗೆ ಬಿದ್ದ ಸೀಸ ಕೊಳೆತು ನಾಶವಾಗುವ ವಸ್ತುವಲ್ಲ.

ಈ ಲೋಹಗಳು ದೇಹದಲ್ಲಿ ಸಮವಾಗಿ ಹರಡುವುದಿಲ್ಲ. ಸೀಸ ಎಲುಬಿನಲ್ಲಿಯೂ ಕ್ಯಾಡ್ಮಿಯಂ ಯಕೃತ್ತು, ಮೂತ್ರಪಿಂಡಗಳಲ್ಲಿಯೂ ನೆಲೆಸುತ್ತವೆ. ಆದುದರಿಂದಲೇ ಯುರೋಪಿನ ನಿಯಮವು ಕಿಲೋಗ್ರಾಂ ಒಂದಕ್ಕೆ ಕ್ಯಾಡ್ಮಿಯಂನ ಮಿತಿಯನ್ನು ಹಂದಿಯ ಮಾಂಸದಲ್ಲಿ ೦.೦೫, ಯಕೃತ್ತಿನಲ್ಲಿ ೦.೫, ಮೂತ್ರಪಿಂಡದಲ್ಲಿ ೧ ಮಿಲಿಗ್ರಾಂ ಎಂದು ಬೇರೆ ಬೇರೆಯಾಗಿ ಗೊತ್ತುಪಡಿಸಿದೆ. ಯಕೃತ್ತನ್ನು ಸೇರಿಸಿ ಮಾಡುವ ಸೊರ್ಪೊಟೆಲನ್ನು ಮೆಚ್ಚುವವರು ಗಮನಿಸತಕ್ಕ ಸಂಗತಿಯಿದು.

ಲಾಡಿಹುಳುವಿನ ಕೋಶ ಪರೀಕ್ಷಕನ ಕಣ್ಣಿಗೆ ಬೀಳಬಹುದು. ಚೆನ್ನಾಗಿ ಬೇಯಿಸಿದರೆ ಅದು ಸಾಯುತ್ತದೆ. ಲೋಹವಾದರೋ ಕಣ್ಣಿಗೂ ಕಾಣದು, ಬೆಂಕಿಗೂ ಅಳಿಯದು. ಪ್ರಯೋಗಶಾಲೆಯೊಂದೇ ಅದನ್ನು ತೋರಿಸಬಲ್ಲದು. ಹೀಗಾಗಿ ಬಯಲಿನ ಹಂದಿ ಸಹಜವೆಂದೂ ದೊಡ್ಡಿಯ ಹಂದಿ ಕೃತಕವೆಂದೂ ಎಣಿಸಿ ತೀರ್ಪುಕೊಡುವುದು ಸಲ್ಲದು. ಯಾವ ಮಣ್ಣು, ಯಾವ ಮೇವು ಎಂಬುದೇ ಇಲ್ಲಿ ನಿರ್ಣಾಯಕ. ಊರಿನ ರುಚಿಯನ್ನು ಅರಸುವವರು ಊರಿನ ನೆಲವನ್ನೂ ನೆನೆಯಬೇಕು.